ಪ್ರೇಮಮ್ಮನ ಭಾಷಣ ಬ್ಯಾರನ್ ಸೇರಿದ್ದು

ಗಾವಡಗೆರೆ ಹೋಬಳಿಯಲ್ಲಿ ಡಾಂಬರು ರಸ್ತೆ ಬಿಟ್ಟು ಎರಡು ಮೈಲಿ ಒಳಕ್ಕೆ ಹೋದರೆ ಅರಳಿಕಟ್ಟೆ ಕೊಪ್ಪಲು ಸಿಗುತ್ತದೆ. ಆ ಊರಿನ ಪ್ರೇಮಮ್ಮ ದಿನಕ್ಕೆ ಎಷ್ಟು ಮಾತಾಡುತ್ತಾಳೆ ಎಂದು ಎಣಿಸಿ ನೋಡಿದವರಿಲ್ಲ. ಎಣಿಸಲು ಕೂತವರು ಎಣಿಕೆ ಮರೆತು ಕಥೆ ಕೇಳುತ್ತಾ ಕೂತುಬಿಡುತ್ತಾರೆ, ಇನ್ನೆಲ್ಲಿಯ ಎಣಿಕೆ.

ವಯಸ್ಸು ಐವತ್ತೇಳು. ತವರು ಎಚ್.ಡಿ. ಕೋಟೆ ಕಡೆ, ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನ ಒಂದು ಹಳ್ಳಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಕೊಪ್ಪಲಿಗೆ ಬಂದಳು. ಮರುವರ್ಷವೇ ಹೊಗೆಸೊಪ್ಪು ಕಟ್ಟಲು ಕೂತಳು. ಕೂತವಳು ಇನ್ನೂ ಎದ್ದಿಲ್ಲ ಎಂದರೂ ನಡೆಯುತ್ತದೆ.

ಸೊಪ್ಪು ಕಟ್ಟುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊಲದಲ್ಲಿ ಮುರಿದ ಹಸಿ ಎಲೆ ಚಪ್ಪರಕ್ಕೆ ಬಂದು ರಾಶಿ ಬೀಳುತ್ತದೆ. ಎರಡು ಕವೆಗಳ ಮೇಲೆ ಉದ್ದನೆಯ ಕಡ್ಡಿಯೊಂದನ್ನು ಅಡ್ಡ ಮಲಗಿಸಿ, ಒಬ್ಬರು ಮೂರು ಮೂರು ಎಲೆ ಜೋಡಿಸಿ ಕೊಡಬೇಕು, ಇನ್ನೊಬ್ಬರು ದಾರ ಸುತ್ತಿ ಕಡ್ಡಿಯ ಆ ಬದಿಗೊಂದು ಈ ಬದಿಗೊಂದು ಕಂತೆ ಇಳಿಬಿಡಬೇಕು. ತುಂಬಿದ ಕಡ್ಡಿಗಳು ಬ್ಯಾರನ್ ಸೇರುತ್ತವೆ. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಕಟ್ಟಡ. ಒಳಗೆ ಅಟ್ಟ ಅಟ್ಟವಾಗಿ ಕಡ್ಡಿ ನೇತುಹಾಕಿ, ಬಾಗಿಲು ಮುಚ್ಚಿ, ಕೆಳಗಿನ ಒಲೆಗೆ ಬೆಂಕಿ ಕೊಟ್ಟರೆ ಆರು ದಿನದಲ್ಲಿ ಹಸಿರು ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಸೊಪ್ಪು ಕಟ್ಟುವ ಚಪ್ಪರದಲ್ಲಿ ಒಂದೇ ಒಂದು ಕಾನೂನು: ಕಡ್ಡಿ ತುಂಬುವವರೆಗೆ ಎಲೆ ಕೊಡುವವರು ಏಳುವಂತಿಲ್ಲ. ಎದ್ದರೆ ದಾರ ಸಡಿಲವಾಗಿ ಕಟ್ಟಿದ್ದೆಲ್ಲ ಜಾರುತ್ತದೆ. ಮನೆಗೆ ನೆಂಟರು ಬರಲಿ, ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಜೋಳಕ್ಕೆ ನುಗ್ಗಲಿ, ಕಡ್ಡಿ ಮುಗಿಸಿಯೇ ಏಳಬೇಕು.

ಆ ಚಪ್ಪರದಲ್ಲಿ ಪ್ರೇಮಮ್ಮನ ಕೈ ಹೇಗೆ ಓಡುತ್ತದೋ ಬಾಯಿಯೂ ಹಾಗೆ ಓಡುತ್ತದೆ. ಊರಿಗೆ ಮೊದಲ ಬೋರ್‌ವೆಲ್ ಲಾರಿ ಬಂದಾಗ ಯಾರು ಯಾರು ಮಂಗಳಾರತಿ ತಂದರು, ಬೆಟ್ಟದಪುರದ ಬೆಟ್ಟ ಹತ್ತಲು ಹೋದ ಮುದುಕಮ್ಮ ಅರ್ಧದಲ್ಲೇ ಕೂತು ಅಲ್ಲೇ ಅಂಗಡಿ ಇಟ್ಟದ್ದು ಹೇಗೆ, ಕೆ.ಆರ್. ನಗರದಿಂದ ಸೊಸೆಯಾಗಿ ಬಂದವಳು ನಾಲೆ ನೀರಿಲ್ಲದ ಊರು ನೋಡಿ ಮೊದಲ ದಿನ ಏನು ಕೇಳಿದಳು, ಎಲ್ಲವೂ ಅವಳ ಬಳಿ ಉಂಟು. ಎಲೆ ಕೊಡುವ ರುಕ್ಮಿಣಮ್ಮ ನಗಲು ಹೋಗಿ ಎಷ್ಟೋ ಸಲ ಮೂರರ ಬದಲು ಐದು ಎಲೆ ಕೊಟ್ಟು ಬೈಸಿಕೊಂಡಿದ್ದಾಳೆ. ಸೊಪ್ಪಿನ ಕಾಲ ಮುಗಿದರೆ ಅವರೆಕಾಯಿ ಸುಲಿಯುತ್ತಾ ಹೇಳುತ್ತಾಳೆ, ರಾಗಿ ಕೇರುತ್ತಾ ಹೇಳುತ್ತಾಳೆ. ಸುಮ್ಮನೆ ಕೈ ಕಟ್ಟಿ ಕೂತಾಗ ಮಾತ್ರ ಅವಳ ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಎಷ್ಟೋ ಜನ ಪಾಪ, ಈಯಮ್ಮನಿಗೆ ಮಾತು ಬಾರದೇನೋ ಅಂದುಕೊಂಡಿದ್ದಾರೆ. ಈ ಸಂಗತಿ ಊರಲ್ಲಿ ಯಾರೂ ಗಮನಿಸಿರಲಿಲ್ಲ, ಅವಳೂ ಗಮನಿಸಿರಲಿಲ್ಲ.

ಇನ್ನು ಗಂಡ ವೀರಭದ್ರಸ್ವಾಮಿ. ಬ್ಯಾರನ್ ಕಾಯುವುದರಲ್ಲಿ ಹುಣಸೂರು ಪಿರಿಯಾಪಟ್ಟಣ ಎರಡೂ ತಾಲ್ಲೂಕು ಹುಡುಕಿದರೂ ಅವನಂಥವನು ಸಿಗುವುದು ಕಷ್ಟ. ಬ್ಯಾರನ್ ಗೋಡೆಯಲ್ಲಿ ಅಂಗೈ ಅಗಲದ ಒಂದು ಗಾಜು ಇರುತ್ತದೆ, ಒಳಗಿನ ಥರ್ಮಾಮೀಟರ್ ನೋಡಲು. ಅರ್ಧ ಗಂಟೆಗೊಮ್ಮೆ ಆ ಗಾಜಿಗೆ ಕಣ್ಣಿಡದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಬ್ಯಾರನ್ನಿಗೆ ಬೆಂಕಿ ಇಲ್ಲದ ತಿಂಗಳಲ್ಲೂ ಅರ್ಧ ಗಂಟೆಗೊಮ್ಮೆ ಎದ್ದು ಎಲ್ಲಿಗಾದರೂ ಹೋಗಿಬರುತ್ತಾನೆ, ಅಭ್ಯಾಸ. ಹೀಗಾಗಿ ಮೂವತ್ತೆಂಟು ವರ್ಷದಲ್ಲಿ ಹೆಂಡತಿಯ ಒಂದು ಕಥೆಯನ್ನೂ ಅವನು ಪೂರ್ತಿ ಕೇಳಿಲ್ಲ. ಕಥೆ ಅರ್ಧಕ್ಕೆ ಬರುವ ಹೊತ್ತಿಗೆ ‘ಗೊತ್ತಾಯ್ತು ಬುಡು’ ಎಂದು ಎದ್ದುಬಿಡುತ್ತಾನೆ. ಪ್ರೇಮಮ್ಮನ ಅಷ್ಟೂ ಕಥೆಗಳ ಆರಂಭ ಅವನಿಗೆ ಬಾಯಿಪಾಠ. ಕೊನೆ ಮಾತ್ರ ಒಂದೂ ಗೊತ್ತಿಲ್ಲ.

ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ವರ್ಷದ ಕೆಳಗೆ ಚೈತ್ರ ಎಂಬ ಹುಡುಗಿ ಮೇಲ್ವಿಚಾರಕಿಯಾಗಿ ಬಂದಳು. ಬಂದವಳು ಸುಮ್ಮನಿರಲಿಲ್ಲ. ತಿಂಗಳಿಗೊಂದು ಭಾನುವಾರ ‘ನಮ್ಮೂರ ಮಾತು’ ಎಂಬ ಕಾರ್ಯಕ್ರಮ ಶುರು ಮಾಡಿದಳು. ಊರಿನವರೇ ಒಬ್ಬರು ಬಂದು, ತಮಗೆ ಗೊತ್ತಿರುವ ಊರ ಚರಿತ್ರೆಯನ್ನೋ ದಿನದ ಬದುಕನ್ನೋ ಒಂದು ಗಂಟೆ ಹೇಳಬೇಕು. ಮೊದಲ ಸಲ ನಿವೃತ್ತ ಮೇಷ್ಟ್ರು ಶಿವಶಂಕರ್ ಮಾತಾಡಿದರು. ಗಂಗರಿಂದ ಹೊರಟರು. ಒಂದೂ ಮುಕ್ಕಾಲು ಗಂಟೆಯಾದರೂ ತಲಕಾಡು ದಾಟಲಿಲ್ಲ. ಮುಂದಿನ ತಿಂಗಳೂ ಅವರೇ ಮುಂದುವರಿಸಿ ಶ್ರೀರಂಗಪಟ್ಟಣ ಮುಟ್ಟಿದರು. ಅರಳಿಕಟ್ಟೆ ಕೊಪ್ಪಲಿಗೆ ಯಾವಾಗ ಬರುತ್ತಾರೋ ದೇವರೇ ಬಲ್ಲ. ನಲವತ್ತಿದ್ದ ಜನ ಒಂಬತ್ತಕ್ಕೆ ಇಳಿದರು, ಅದರಲ್ಲಿ ಇಬ್ಬರು ಮೊಬೈಲ್ ಚಾರ್ಜಿಗೆ ಹಾಕಲು ಬಂದವರು.

ಆಗ ಚೈತ್ರ ವೀರಭದ್ರಸ್ವಾಮಿಯನ್ನು ಕರೆಯಲು ಚಪ್ಪರಕ್ಕೆ ಬಂದಳು. ಬ್ಯಾರನ್ ವಿಷಯ ಹೇಳಲಿ ಎಂಬ ಆಸೆ. ಸ್ವಾಮಿ ಗಾಜಿಗೆ ಕಣ್ಣಿಡಲು ಹೋಗಿದ್ದ. ‘ಈಗ ಬತ್ತಾರೆ ಕೂತ್ಕೊಳವ್ವ’ ಎಂದಳು ಪ್ರೇಮಮ್ಮ. ಕೂತಳು. ಎದ್ದಾಗ ಎರಡು ಗಂಟೆ ಕಳೆದಿತ್ತು, ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತ್ತು, ಯಾಕೆ ಬಂದೆ ಎಂಬುದೇ ಮರೆತಿತ್ತು.

‘ಅಮ್ಮ, ಈ ಸಲ ನೀವು ಮಾತಾಡ್ಬೇಕು’ ಎಂದಳು ಚೈತ್ರ.

‘ನಾನಾ? ಮೈಕ್ನಲ್ಲಾ?’ ಪ್ರೇಮಮ್ಮನ ದಾರ ಕೈಯಲ್ಲೇ ನಿಂತಿತು. ಒಳಗೆ ಮಾತ್ರ ಏನೋ ಕುಣಿಯಲು ಶುರುವಾಗಿತ್ತು. ಅಷ್ಟರಲ್ಲಿ ಸ್ವಾಮಿ ಬಂದ. ಅವನನ್ನು ನೋಡಿ ಅವಳು ನಿಧಾನಕ್ಕೆ ಹೇಳಿದಳು: ‘ಮಾತಾಡ್ತೀನಿ. ಆದ್ರೆ ಇವರು ಮುಂದೆ ಕೂತು ಕೇಳ್ಬೇಕು. ಕೊನೆಗಂಟ. ಮಧ್ಯದಲ್ಲಿ ಏಳಂಗಿಲ್ಲ.’

ಸ್ವಾಮಿ ತಲೆ ಕೆರೆದುಕೊಂಡ. ‘ಆಯ್ತು ಬುಡು, ಕೂತ್ಕೊತೀನಿ’ ಎಂದು ಹೇಳಿ ಮತ್ತೆ ಬ್ಯಾರನ್ ಕಡೆ ಹೋದ.

ಆ ರಾತ್ರಿ ಪ್ರೇಮಮ್ಮ ಸರಿಯಾಗಿ ಮಲಗಲಿಲ್ಲ. ಊರು ನಗಲಿ ಬಿಡಲಿ, ಗಂಡ ಒಂದು ಕಥೆಯ ಕೊನೆ ಕೇಳುತ್ತಾನೆ ಎಂಬ ಖುಷಿಗೇ ಅವಳಿಗೆ ನಿದ್ದೆ ಹಾರಿಹೋಗಿತ್ತು.

ಚೈತ್ರ ಒಂದು ನೋಟ್‌ಬುಕ್ ಕೊಟ್ಟು ಬರೆದುಕೊಳ್ಳಿ ಎಂದಿದ್ದಳು. ಪ್ರೇಮಮ್ಮ ಏಳನೇ ಕ್ಲಾಸು ಓದಿದವಳು. ‘ಎಲ್ಲರಿಗೂ ನಮಸ್ಕಾರ’ ಎಂದು ಬರೆದಳು. ಒಂದು ಗಂಟೆ ಬಿಟ್ಟು ನೋಡಿದರೂ ಎಲ್ಲರಿಗೂ ನಮಸ್ಕಾರವೇ ಇತ್ತು. ಸಿಟ್ಟು ಬಂದು ಪುಸ್ತಕ ಮಡಚಿ, ಚಪ್ಪರಕ್ಕೆ ಹೋಗಿ, ಒಂದು ಖಾಲಿ ಕಡ್ಡಿ ತೆಗೆದುಕೊಂಡು ಭಾಷಣ ಕಟ್ಟಲು ಕೂತಳು. ಕಥೆಗೊಂದು ಕಂತೆ. ಬೆಂಕಿಯ ಕಥೆಗೆ ಅಂಚು ಸೀದ ಎಲೆ. ಆನೆಯ ಕಥೆಗೆ ಕಿವಿಯಷ್ಟು ಅಗಲದ ಎಲೆ. ಬೆಟ್ಟ ಹತ್ತದ ಮುದುಕಮ್ಮನಿಗೆ ಬುಡದ ಗಿಡ್ಡ ಎಲೆ. ಹೀಗೆ ಹನ್ನೆರಡು ಕಂತೆ, ಯಾವುದಾದ ಮೇಲೆ ಯಾವುದು ಎಂಬ ಕ್ರಮದಲ್ಲಿ. ಗುರುತಿಗೆ ರವಿಕೆಯ ಕೆಂಪು ಚೂರೊಂದನ್ನು ಕಟ್ಟಿ ಮೂಲೆಗೆ ಒರಗಿಸಿದಳು. ಬೆರಳಿಂದ ಒಂದೊಂದು ಕಂತೆ ಮುಟ್ಟಿದರೆ ಒಂದೊಂದು ಕಥೆ ಎದ್ದು ನಿಲ್ಲುತ್ತಿತ್ತು. ಶಿವಶಂಕರ್ ಮೇಷ್ಟ್ರ ಬಳಿಯೂ ಇಂಥ ನೋಟ್ಸ್ ಇರಲಿಲ್ಲ.

ಗುರುವಾರ ಬ್ಯಾರನ್ ತುಂಬುವ ದಿನ. ಪ್ರೇಮಮ್ಮ ಆಳುಗಳಿಗೆ ಅಡಿಗೆ ಮಾಡಲು ಮನೆಗೆ ಹೋಗಿದ್ದಳು. ಬಂದು ನೋಡುತ್ತಾಳೆ, ಮೂಲೆ ಖಾಲಿ.

‘ಏನ್ರೀ, ಇಲ್ಲೊಂದು ಕಡ್ಡಿ ಇತ್ತಲ್ಲ, ಕೆಂಪು ಬಟ್ಟೆ ಕಟ್ಟಿದ್ದು.’

‘ಅದಾ?’ ಸ್ವಾಮಿ ಒಲೆಗೆ ಸೌದೆ ತಳ್ಳುತ್ತಿದ್ದ. ‘ಯಾರೋ ಅರ್ಧಂಬರ್ಧ ಕಟ್ಟಿ ಬುಟ್ಟಿದ್ರು. ಮೇಲಿನ ಅಟ್ಟಕ್ಕೆ ಒಂದು ಕಮ್ಮಿ ಬಿದ್ದಿತ್ತು, ಏರಿಸ್ದೆ.’

‘ಬಟ್ಟೆ?’

‘ಒಲೆಗೆ ಹಾಕ್ದೆ. ಒಳಗೆ ಬುಟ್ರೆ ಬೆಂಕಿ ಹತ್ಕೊಂಡು ಬ್ಯಾರನ್ನೇ ಓಯ್ತದೆ.’

‘ಅದು ನನ್ನ ಭಾಷಣ ಕಣ್ರೀ.’

ಸ್ವಾಮಿ ಹೆಂಡತಿಯನ್ನು ನೋಡಿದ, ಬ್ಯಾರನ್ ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ. ಅವಳು ಹನ್ನೆರಡು ಕಂತೆಯ ವಿವರ ಹೇಳಿದಳು. ಅವನ ಕೈಯ ಸೌದೆ ಅಲ್ಲೇ ನಿಂತಿತು.

‘ಬಾಗಿಲು ತೆಗೀರಿ’ ಎಂದಳು.

‘ಬೆಂಕಿ ಕೊಟ್ಟಾಯ್ತಲ್ಲೇ. ಈಗ ತೆಗುದ್ರೆ ಬಿಸಿ ಇಳಿದು ಏಳ್ನೂರು ಕಡ್ಡಿ ಸೊಪ್ಪಿನ ಬಣ್ಣ ಕೆಡ್ತದೆ. ಅದ್ರಲ್ಲಿ ನಿಂದು ಯಾವ್ದು ಅಂತ ಹುಡ್ಕೋದು?’

ಬಾಗಿಲು ಇನ್ನು ತೆರೆಯುವುದು ಬುಧವಾರಕ್ಕೆ. ಭಾಷಣ ಭಾನುವಾರ.

ರುಕ್ಮಿಣಮ್ಮನ ಎದುರಿಗೆ ಈ ಮಾತು ನಡೆದ ಮೇಲೆ ಊರಿಗೆ ಬೇರೆ ಡಂಗುರ ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಡೇರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರೆಲ್ಲ ‘ಪ್ರೇಮಮ್ಮನ ಭಾಷಣ ಬೇಯ್ತಾ ಅದಂತೆ’ ಎಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಮಾರನೇ ದಿನದಿಂದ ಬ್ಯಾರನ್ ನೋಡಲು ಜನ ಬರತೊಡಗಿದರು. ಪಕ್ಕದ ಮನೆಯ ಕೆಂಪಯ್ಯ ಎಪ್ಪತ್ತು ದಾಟಿದವನು, ಸ್ವಾಮಿಯೊಂದಿಗೆ ಯಾವ ಕಾಲದಿಂದಲೋ ಮುಖ ಕೊಟ್ಟು ಮಾತಾಡದವನು, ಅವನೂ ಕೋಲೂರಿಕೊಂಡು ಬಂದು ಗಾಜಿಗೆ ಕಣ್ಣಿಟ್ಟ.

‘ಪ್ರೇಮವ್ವ, ಮೇಲಿನ ಅಟ್ಟದಲ್ಲಿ ಒಂದು ಸೊಪ್ಪು ತುಟಿ ಆಡುಸ್ತಾ ಅದೆ ಕಣವ್ವ’ ಎಂದ.

ಪ್ರೇಮಮ್ಮನೂ ನಕ್ಕಳು. ನಗದೆ ಏನು ಮಾಡುವುದು. ಒಳಗೊಳಗೆ ಮಾತ್ರ ಹೆದರಿಕೆ ಹತ್ತಿತ್ತು. ಅದಕ್ಕಿಂತ ದೊಡ್ಡದು ಶನಿವಾರ ಬಂತು. ಊಟಕ್ಕೆ ಕೂತ ಸ್ವಾಮಿ ತಟ್ಟೆ ನೋಡುತ್ತಾ ಹೇಳಿದ: ‘ನಾಳೆ ಹನ್ನೊಂದಕ್ಕೆ ಸೊಪ್ಪು ಒಣಗೋ ಹೊತ್ತು. ಗಂಟೆಗೆ ಎರಡೇ ಡಿಗ್ರಿ ಏರಿಸ್ಬೇಕು, ಜಾಸ್ತಿ ಆದ್ರೆ ಕೆಂಪಗಾಯ್ತದೆ. ನಾನು ಎರಡು ನಿಮಿಷ ಬಂದು ಮುಖ ತೋರ್ಸಿ ಓಯ್ತೀನಿ.’

ಅವಳು ಅವನ ತಟ್ಟೆಗೆ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಒಳಗೆ ಹೋಗಿ ಒಬ್ಬಳೇ ನಿಂತಳು. ಹೇಳಿಕೊಳ್ಳಲಾರದಷ್ಟು ದುಃಖವಾಯಿತು.

ಭಾನುವಾರ ಗ್ರಂಥಾಲಯದ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಬೆಂದ ಭಾಷಣ ಹೇಗಿರುತ್ತದೆ ನೋಡೋಣ ಎಂದು ಪಕ್ಕದ ಊರಿನವರೂ ಬಂದಿದ್ದರು. ಮೂವತ್ತು ಕುರ್ಚಿಗೆ ನೂರು ಜನ. ಚೈತ್ರ ಖುಷಿಗೆ ಎರಡೆರಡು ಸಲ ಸ್ವಾಗತ ಹೇಳಿದಳು. ಪ್ರೇಮಮ್ಮ ಹುಣಸೆಹಣ್ಣು ಹಚ್ಚಿ ಗಸಗಸ ಉಜ್ಜಿ ಕೈಗೆ ಹಿಡಿದಿದ್ದ ಸೊಪ್ಪಿನ ಕರಿ ಅಂಟನ್ನೆಲ್ಲ ತೆಗೆದಿದ್ದಳು. ರೇಷ್ಮೆ ಸೀರೆ, ತಲೆಗೆ ಕನಕಾಂಬರ. ಮೈಕಿನ ಮುಂದೆ ನಿಂತಳು.

‘ಎಲ್ಲರಿಗೂ ನಮಸ್ಕಾರ.’

ಮೈಕು ಕುಯ್ ಎಂದಿತು. ಜನ ನಕ್ಕರು. ಆಮೇಲೆ ಸುಮ್ಮನಾಗಿ ಕಾದರು. ಪ್ರೇಮಮ್ಮನೂ ಕಾದಳು. ತೊಳೆದ ಕೈಗಳೆರಡೂ ಮುಂದೆ ನೇತಾಡುತ್ತಿದ್ದವು, ಅವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸೆರಗು ಹಿಡಿದಳು, ಬಿಟ್ಟಳು. ತಲೆಯಲ್ಲಿ ಒಂದು ಕಥೆಯೂ ಇಲ್ಲ, ಗುಡಿಸಿ ಸಾರಿಸಿಟ್ಟ ಅಂಗಳ.

‘ಗಂಗರ ಕಾಲದಿಂದ ಶುರು ಮಾಡಿ ತಾಯಿ’ ಎಂದು ಮುಂದಿನ ಸಾಲಿನ ಶಿವಶಂಕರ್ ಮೇಷ್ಟ್ರು ಮೆಲ್ಲಗೆ ಸಹಾಯ ಮಾಡಿದರು.

ಆಗಲೇ ಬಾಗಿಲಲ್ಲಿ ವೀರಭದ್ರಸ್ವಾಮಿ ಕಾಣಿಸಿದ. ಹೆಗಲ ಮೇಲೆ ಟವೆಲ್ಲು, ಮುಖವೆಲ್ಲ ಬೂದಿ. ಅವನು ಅವಳ ಮುಖ ನೋಡಿದ, ಆಮೇಲೆ ಬಹಳ ಹೊತ್ತು ಅವಳ ಕೈ ನೋಡಿದ. ತಿರುಗಿ ಹೊರಟುಹೋದ.

ಪ್ರೇಮಮ್ಮನ ಕಣ್ಣು ಮಂಜಾಯಿತು. ಮುಖ ತೋರಿಸಿ ಹೋಗುತ್ತೇನೆ ಎಂದಿದ್ದ, ಹಾಗೇ ಮಾಡಿದ. ಚೈತ್ರ ನೀರು ಕೊಟ್ಟಳು, ಕುಡಿದಳು. ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದಳು. ಹಿಂದೆ ಯಾರೋ ‘ಪೂರ್ತಿ ಸೀದೋಗ್ಬುಟ್ಟದೆ ಕಣ್ಲಾ’ ಎಂದರು. ಕುರ್ಚಿ ಎಳೆದ ಸದ್ದಾಯಿತು, ಒಬ್ಬಿಬ್ಬರು ಏಳುತ್ತಿದ್ದರು. ಇಳಿದು ಮನೆಗೆ ಹೋಗಿಬಿಡೋಣ ಎಂದು ಅವಳೂ ಒಂದು ಹೆಜ್ಜೆ ಹಿಂದಿಟ್ಟಳು.

ಅಷ್ಟರಲ್ಲಿ ಬಾಗಿಲ ಬಳಿ ಗುಲ್ಲೆದ್ದಿತು. ಸ್ವಾಮಿ ಮತ್ತೆ ಬಂದಿದ್ದ. ತಲೆಯ ಮೇಲೆ ಗೋಣಿತಾಟಿನ ತುಂಬ ಹಸಿ ಸೊಪ್ಪು, ಕಂಕುಳಲ್ಲಿ ಎರಡು ಖಾಲಿ ಕಡ್ಡಿ, ಬಾಯಲ್ಲಿ ದಾರದ ಉಂಡೆ. ಚಪ್ಪರ ಅಲ್ಲಿಂದ ಕೂಗಳತೆ ದೂರ, ಓಡಿ ಹೋಗಿ ಓಡಿ ಬಂದಿದ್ದ. ‘ಜರುಗ್ರಪ್ಪ, ಜರುಗಿ’ ಎನ್ನಲು ಬಾಯಿ ಖಾಲಿ ಇರಲಿಲ್ಲ, ಮೊಣಕೈಯಲ್ಲೇ ದಾರಿ ಮಾಡಿಕೊಂಡು ವೇದಿಕೆ ಹತ್ತಿದ. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ದೂರ ದೂರ ಇಟ್ಟು, ಅವುಗಳ ಮೇಲೆ ಒಂದು ಕಡ್ಡಿ ಅಡ್ಡ ಮಲಗಿಸಿದ. ಸೊಪ್ಪು ಸುರಿದು, ಪಕ್ಕದಲ್ಲೊಂದು ಸ್ಟೂಲು ಎಳೆದುಕೊಂಡು ಕೂತ. ಮೂರು ಎಲೆ ಜೋಡಿಸಿ ಅವಳ ಮುಂದೆ ಹಿಡಿದ.

ಪ್ರೇಮಮ್ಮ ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಎಲೆ ತೆಗೆದುಕೊಂಡಿತು, ದಾರ ಸುತ್ತಿತು, ಕಂತೆ ಇಳಿಯಿತು. ಸ್ವಾಮಿ ಮುಂದಿನ ಮೂರು ಹಿಡಿದ.

‘ಬೆಂಕಿ ಆರ್ಸೋಕೆ ಕೊಡ ಹಿಡ್ಕೊಂಡು ಓಡ್ಬಂದ್ರು ಅಂತಿದ್ಯಲ್ಲ’ ಎಂದ ತಗ್ಗಿದ ದನಿಯಲ್ಲಿ. ‘ಅಲ್ಲಿಂದ ಹಿಡ್ಕೊ. ಆಮೇಲೆ ನೀನು ಹೇಳೋದ್ನ ನಾನೂ ಕೇಳಿಲ್ಲ.’

ಮೈಕು ಹತ್ತಿರವೇ ಇತ್ತು, ಅಷ್ಟೂ ಊರಿಗೆ ಕೇಳಿಸಿತು. ಚಪ್ಪರದ ಹೆಂಗಸರು ಮೊದಲು ಚಪ್ಪಾಳೆ ತಟ್ಟಿದರು. ಪ್ರೇಮಮ್ಮನ ಬಾಯಿ ತೆರೆಯಿತು. ತೆರೆದದ್ದೇ ತಡ, ಏರಿ ಒಡೆದ ಕೆರೆ.

‘ನಾನು ಬಂದ ಮರುವರ್ಸ ನಮ್ಮಾವ ಈ ಊರಿಗೆ ಮೊದಲನೇ ಬ್ಯಾರನ್ ಕಟ್ಸುದ್ರು. ಬ್ಯಾರನ್ ಹೊಗೆ ಹೆಂಗಿರ್ತದೆ ಅಂತ ಯಾರ್ಗೂ ಗೊತ್ತಿಲ್ಲ. ಬೆಂಕಿ ಕೊಟ್ಟಿದ್ದೇ ಕೊಟ್ಟಿದ್ದು, ಹೊಲದಲ್ಲಿದ್ದೋರೆಲ್ಲ ಸ್ವಾಮಿ ಮನೆ ಉರೀತಾ ಅದೆ ಅಂದ್ಕೊಂಡ್ರು. ಕೊಡ ತಂದೋರು, ಬಿಂದ್ಗೆ ತಂದೋರು, ಒಬ್ಬ ಹುಳ್ಳಿ ಸಾರಿನ ಮಡ್ಕೆನೇ ತಂದಿದ್ದ. ಒಲೆ ಮುಂದೆ ಇವರು ಕುಕ್ಕುರುಗಾಲಲ್ಲಿ ಕೂತವ್ರೆ. ಹಿಂದ್ಲಿಂದ ಒಂದು ಕೊಡ ನೀರು ಸುರೀತು ನೋಡಿ, ತಲೆ ಮೇಲೆ, ಬೆಂಕಿನೂ ಆರೋಯ್ತು, ಇವರೂ ಆರೋದ್ರು.’

ಸಭೆ ಬಿದ್ದು ಬಿದ್ದು ನಕ್ಕಿತು. ಕಥೆ ಇಲ್ಲಿಗೆ ಬಂದಾಗಲೆಲ್ಲ ಸ್ವಾಮಿ ಎದ್ದು ಹೋಗುತ್ತಿದ್ದದ್ದು. ಈಗ ಏಳಲು ಹೋದ, ಕೈಯಲ್ಲಿ ಮೂರು ಎಲೆ, ಎದುರಿಗೆ ಅರ್ಧ ತುಂಬಿದ ಕಡ್ಡಿ. ಕೂತ.

‘ಮೂವತ್ತೇಳು ವರ್ಸದಿಂದ ಇವರು ಆ ನೀರು ಸುರುದಿದ್ದು ಕೆಂಪಯ್ಯಣ್ಣ ಅಂದ್ಕೊಂಡವ್ರೆ’ ಎಂದಳು ಪ್ರೇಮಮ್ಮ, ದಾರ ಎಳೆಯುತ್ತಾ. ‘ಅಲ್ಲ. ಸುರುದಿದ್ದು ನಾನು.’

ಸ್ವಾಮಿಯ ಕೈಯ ಎಲೆ ಕೆಳಗೆ ಬಿತ್ತು. ಸಭೆಯ ನಡುವಿನಿಂದ ಕೆಂಪಯ್ಯ ಕೋಲೂರಿ ಎದ್ದ. ‘ಅದ್ಕೇನ್ಲಾ ಸ್ವಾಮಿ, ನನ್ನ ಮಗಳ ಮದುವೆಗೆ ಬಂದೋನು ಉಣ್ಣದೆ ಎದ್ದೋದೆ?’ ಎಂದು ಕೇಳಿದ.

‘ಇವತ್ತು ಉಣ್ತೀನಿ ಬುಡೋ’ ಎಂದ ಸ್ವಾಮಿ. ಸಭೆ ಮತ್ತೆ ಕುರ್ಚಿಯಿಂದ ಉರುಳಿತು. ಗಂಗರ ಕಾಲವನ್ನು ಮರೆತು ಶಿವಶಂಕರ್ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು.

ಬೋರ್‌ವೆಲ್ ಬಂತು, ಬೆಟ್ಟದಪುರದ ಮುದುಕಮ್ಮ ಬಂದಳು, ಕೆ.ಆರ್. ನಗರದ ಸೊಸೆ ನಾಲೆ ಎಲ್ಲಿ ಎಂದು ಕೇಳಿದಳು. ಕಡ್ಡಿ ಮುಕ್ಕಾಲು ತುಂಬಿತು. ಪ್ರೇಮಮ್ಮನ ರೇಷ್ಮೆ ಸೀರೆಗೆ ಅಂಟು ಮೆತ್ತಿತ್ತು, ಉಜ್ಜಿ ಉಜ್ಜಿ ತೊಳೆದ ಕೈ ಮೊದಲಿನಂತೆ ಕಪ್ಪಗಾಗಿತ್ತು, ಅವಳಿಗೆ ಅದೊಂದೂ ಗೊತ್ತಿರಲಿಲ್ಲ.

ಆಗ ಸ್ವಾಮಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬ್ಯಾರನ್ ನೋಡಿಕೊಳ್ಳಲು ನಿಲ್ಲಿಸಿ ಬಂದಿದ್ದ ತಮ್ಮನ ಮಗ ಬಸವಪ್ರಸಾದ್.

‘ದೊಡ್ಡಪ್ಪ, ಡಿಗ್ರಿ ಏರ್ತಾ ಅದೆ. ಬರ್ತೀರಾ?’

ಫೋನಿನ ದನಿಯೂ ಮೈಕಿಗೆ ಸಿಕ್ಕಿತು. ಪ್ರೇಮಮ್ಮನ ದಾರ ನಿಂತಿತು. ಸಭೆಯಲ್ಲಿದ್ದವರೆಲ್ಲ ಸೊಪ್ಪಿನವರೇ, ಡಿಗ್ರಿ ಏರುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಸ್ವಾಮಿಯನ್ನೇ ನೋಡಿದರು.

‘ಎರಡು ಸೌದೆ ಈಚೆ ಎಳಿ’ ಎಂದ ಸ್ವಾಮಿ. ‘ನಾನು ಏಳಂಗಿಲ್ಲ, ಕಡ್ಡಿ ತುಂಬಿಲ್ಲ.’ ಫೋನು ಆಫ್ ಮಾಡಿ ಜೇಬಿಗೆ ಹಾಕಿ, ಮೂರು ಎಲೆ ಜೋಡಿಸಿದ.

ಆ ಬ್ಯಾರನ್ ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಕಡೆಯವರು ಮುಂದಿನದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಬುಧವಾರ ಬಾಗಿಲು ತೆರೆದಾಗ ಕೆಳಗಿನ ಅಟ್ಟದ ಸೊಪ್ಪು ಸ್ವಲ್ಪ ಕೆಂಪಗಾಗಿತ್ತು, ಉಳಿದದ್ದು ಚೆನ್ನಾಗಿತ್ತು. ಸ್ವಾಮಿ ಬೈಯಲಿಲ್ಲ. ಬಸವಪ್ರಸಾದ್‌ಗೇ ಆಶ್ಚರ್ಯವಾಯಿತು.

ಸಭೆಯಲ್ಲಿ ಈಗ ಉಳಿದಿದ್ದದ್ದು ಆನೆ.

‘ನಮ್ಮ ಮದುವೆ ದಿಬ್ಬಣ ತಡವಾಗಿ ಬಂತಲ್ಲ, ಗೊತ್ತಿರೋರಿಗೆ ಗೊತ್ತು’ ಎಂದು ಶುರು ಮಾಡಿದಳು ಪ್ರೇಮಮ್ಮ. ‘ಟ್ರ್ಯಾಕ್ಟರಲ್ಲಿ ಬತ್ತಾ ಇದ್ವಿ. ನಾಕು ಮೂಲೆಗೂ ಬಾಳೆಕಂದು ಕಟ್ಟವ್ರೆ. ಕಾಡಿನ ರಸ್ತೇಲಿ ಆನೆ ಅಡ್ಡ ನಿಂತ್ಕೊತು. ಗಂಡಸ್ರೆಲ್ಲ ಇಳಿದು ಮರದ ಹಿಂದೆ. ಆನೆ ಒಂದು ಕಂದು ತಿಂತು, ಎರಡನೇದು ತಿಂತು, ಮೂರನೇದಕ್ಕೆ ಸೊಂಡ್ಲು ಚಾಚ್ತು. ಯಾರೋ ಗಣಪತಿನೇ ಬಂದವ್ನೆ ಅಂದ್ರು. ನಮ್ಮಪ್ಪ, ಬಂದೋನು ದಾರಿ ಬುಡ್ಬೇಕಲ್ಲ ಅಂದ. ಮೂರು ಗಂಟೆ ಆಯ್ತು. ಮುಹೂರ್ತ ಮೀರ್ತಾ ಅದೆ. ಸಕುನ ಸರಿ ಇಲ್ಲ, ಗಾಡಿ ತಿರುಗ್ಸಿ, ಬೇರೆ ಗಂಡು ನೋಡೋಣ ಅಂತ ಅಪ್ಪ ತೀರ್ಮಾನ ಮಾಡ್ದ. ಡ್ರೈವರು ಹಿಂದ್ಕೆ ತಕೊಂಡೂ ಆಯ್ತು.’

ಸ್ವಾಮಿ ಎಲೆ ಕೊಡುವುದನ್ನು ಮರೆತು ಕೂತಿದ್ದ. ದಿಬ್ಬಣ ತಡವಾಗಿ ಬಂದದ್ದು ಅವನಿಗೆ ಗೊತ್ತಿತ್ತು, ಬಾರದೆ ಹೋಗುವುದರಲ್ಲಿತ್ತು ಎಂಬುದು ಗೊತ್ತಿರಲಿಲ್ಲ.

‘ಎಲೆ’ ಎಂದಳು ಪ್ರೇಮಮ್ಮ. ಕೊಟ್ಟ.

‘ಗಂಡಿನ ಮನೆಗೆ ಅಂತ ಎರಡು ರಸಬಾಳೆ ಗೊನೆ ತಂದಿದ್ವಿ. ನಾನು ಟ್ರೇಲರ್ ಮೇಲೆ ನಿಂತ್ಕೊಂಡು, ತಲೆಮೇಲೆ ಬಾಸಿಂಗ, ಎರಡನ್ನೂ ಎತ್ತಿ ಹಳ್ಳಕ್ಕೆ ಎಸುದ್ಬುಟ್ಟೆ. ಆನೆ ಅತ್ಲಾಗೆ ಇಳೀತು. ಈಗ ಮುಂದ್ಕೆ ಓಡ್ಸಣ್ಣ ಅಂದೆ. ಗೊನೆ ಇಲ್ಲದೆ ಬಂದ್ರು ಅಂತ ನಮ್ಮತ್ತೆ ಸಾಯೋಗಂಟ ಆಡ್ಕೊಂಡ್ರು. ಆಡ್ಕೊಳ್ಳಿ ಪಾಪ.’

ಸಭೆ ನಕ್ಕಿತು. ಅವಳೂ ನಕ್ಕಳು. ಕಡ್ಡಿಗೆ ಇನ್ನು ಎರಡೇ ಕಂತೆಯ ಜಾಗವಿತ್ತು.

‘ಯಾಕವ್ವ ಇಷ್ಟು ಹಟ, ಆ ಗಂಡಲ್ಲೇನು ಕಂಡೆ ಅಂತ ನಮ್ಮಪ್ಪ ದಾರಿಯುದ್ದಕ್ಕೂ ಕೇಳ್ದ. ನಾನು ಹೇಳ್ನಿಲ್ಲ. ಹೆಣ್ಣು ನೋಡೋಕೆ ಇವರು ಬಂದಾಗ ನಾನು ಕದದ ಹಿಂದೆ ಬೆಳ್ಳುಳ್ಳಿ ಬಿಡಿಸ್ತಾ ನನ್ನ ತಂಗಿಗೆ ಕರಡಿ ಕಥೆ ಹೇಳ್ತಿದ್ದೆ. ಕರಡಿ ನಮ್ಮ ದೊಡ್ಡಪ್ಪನ ಮನೆಗೆ ನುಗ್ಗಿ ರಾಗಿ ಹಿಟ್ಟಿನ ಮಡ್ಕೆಗೆ ತಲೆ ತೂರ್ಸಿ, ತಲೆ ಸಿಕ್ಕಾಕೊಂಡಿದ್ದು. ಅಷ್ಟೊತ್ತಿಗೆ ಕಾಫಿ ತತ್ತಾ ಅಂತ ಕರುದ್ರು, ಕಥೆ ನಿಂತೋಯ್ತು. ಸಂದೀಲಿ ಇಣುಕ್ದೆ. ದೊಡ್ಡೋರು ಜಮೀನು ಅದು ಇದು ಮಾತಾಡ್ತಾವ್ರೆ, ಇವರು ಉಪ್ಪಿಟ್ಟು ಕೈಲಿಡ್ಕೊಂಡು ಕದಕ್ಕೆ ಕಿವಿ ಕೊಟ್ಕೊಂಡು ಕೂತವ್ರೆ. ಹೊರಡೋವಾಗ ನಮ್ಮಣ್ಣನ್ನ ಆ ಕಡೆ ಕರ್ಕೊಂಡೋಗಿ ಕೇಳುದ್ರಂತೆ, ಆ ಕರಡಿ ತಲೆ ಈಚೆ ಬಂತಾ ಅಂತ.’

ಅವಳು ಕೊನೆಯ ಕಂತೆಗೆ ದಾರ ಸುತ್ತಿದಳು.

‘ಇವರು ಕಥೆ ಕೇಳೋ ಮನ್ಸ ಅಂತ ನಾನು ಬಂದೆ ಕಣ್ರಪ್ಪ. ಬಂದು ಮೂವತ್ತೆಂಟು ವರ್ಸ ಆಯ್ತು. ಇವತ್ತೇ ಇವರು ಎದ್ದೋಗದೆ ಕೂತಿದ್ದು.’

ಗಂಟು ಬಿಗಿದಳು. ಕಡ್ಡಿ ತುಂಬಿತ್ತು.

ರುಕ್ಮಿಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಚೈತ್ರ ಮೈಕಿನ ಬಳಿ ಬಂದು, ವಾಡಿಕೆಯಂತೆ ‘ಯಾರಾದ್ರೂ ಪ್ರಶ್ನೆ ಕೇಳೋದಿದ್ರೆ ಕೇಳಿ’ ಎಂದಳು. ಯಾರೂ ಕೇಳಲಿಲ್ಲ. ಕಡ್ಡಿ ತುಂಬಿದ ಮೇಲೆ ಎಲೆ ಕೊಡುವವರು ಏಳಬಹುದು, ಅದೂ ಕಾನೂನೇ. ಬಸವಪ್ರಸಾದ್ ಆಗಲೇ ಬಾಗಿಲಿಗೆ ಓಡಿಬಂದು ಕೈ ಬೀಸಿ ಕರೆಯುತ್ತಿದ್ದ. ಪ್ರೇಮಮ್ಮ ಗಂಡನ ಕಡೆ ನೋಡದೆ ‘ಹೋಗಿ ಬನ್ನಿ, ಬ್ಯಾರನ್ ನೋಡಿ’ ಎಂದಳು.

ವೀರಭದ್ರಸ್ವಾಮಿ ಕಪ್ಪು ಅಂಟು ಹಿಡಿದ ಕೈಯನ್ನು ಮೇಲೆತ್ತಿದ, ಇಸ್ಕೂಲಿನಲ್ಲಿ ಎತ್ತುವ ಹಾಗೆ.

‘ನಂದೊಂದು ಪ್ರಶ್ನೆ ಅದೆ’ ಎಂದ. ‘ಆ ಕರಡಿ ತಲೆ ಈಚೆ ಬಂತಾ?’

ಹೇಳಿ, ತುಂಬಿದ ಕಡ್ಡಿಯನ್ನು ಎತ್ತಿ ಗೋಡೆಗೆ ಒರಗಿಸಿದ. ಎರಡನೆಯ ಕಡ್ಡಿಯನ್ನು ಕುರ್ಚಿಗಳ ಮೇಲೆ ಮಲಗಿಸಿದ. ಮೂರು ಎಲೆ ಜೋಡಿಸಿ ಹಿಡಿದ.

ಪ್ರೇಮಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಎಲೆ ಮಾತ್ರ ತೆಗೆದುಕೊಂಡಳು.

‘ಅದು ಬಾಳ ಉದ್ದ ಅದೆ ಕಣ್ರೀ’ ಎಂದಳು. ‘ಕೂತ್ಕೊಬೇಕಾಯ್ತದೆ.’

‘ಕೂತೇ ಇವ್ನಿ’ ಎಂದ ಸ್ವಾಮಿ. ‘ಹೇಳು.’